ಮೊದಲ ಜಡೆ ನಿಮ್ಮಲ್ಲೇ ಇದೆ

ಕೊಮಾದ್ರೆ ಬಸೀಲಿಯಾ ಅವರಿಗೆ,

ಹೆಸರಿನ ಹಿಂದೆ ‘ಪ್ರೀತಿಯ’ ಎಂದು ಬರೆಯಲು ಕೈ ಬರಲಿಲ್ಲ. ಬರೆದು ಹೊಡೆದುಹಾಕುವುದಕ್ಕಿಂತ ಬರೆಯದೇ ಬಿಡುವುದು ಮೇಲು ಅನ್ನಿಸಿತು. ‘ಕೊಮಾದ್ರೆ’ ಎನ್ನುವುದನ್ನು ಮಾತ್ರ ಬಿಡಲಾಗುವುದಿಲ್ಲ. ನನ್ನ ಮಗಳ ಮೊದಲ ಕೂದಲಿಗೆ ಕತ್ತರಿ ಇಟ್ಟವರು ನೀವು. ಆ ದಿನದಿಂದ ನೀವು ಅವಳಿಗೆ ಎರಡನೇ ತಾಯಿ, ನನಗೆ ಕೊಮಾದ್ರೆ. ಮಗು ಹೋದರೂ ಆ ನಂಟು ಹೋಗುವುದಿಲ್ಲವಂತೆ. ನಮ್ಮ ಜನ ಹಾಕಿಟ್ಟ ಗಂಟುಗಳಲ್ಲಿ ಬಿಚ್ಚಲು ಬಾರದ್ದು ಅದೊಂದೇ.

ನಿನ್ನೆ ನನ್ನ ಗಂಡ ರುಫೀನೊ ಮಿನಿಬಸ್ ನಿಲ್ಲಿಸಿ ಮನೆಗೆ ಬಂದಾಗ ಅವನ ಕೈಯಲ್ಲಿ ನಿಮ್ಮ ಪೊಟ್ಟಣವಿತ್ತು. ಬಿಚ್ಚಿದೆ. ಅದೇ ಕತ್ತರಿ. ಹಿಡಿಗೆ ಹೊಸ ಬಿಳಿ ರಿಬ್ಬನ್ ಕಟ್ಟಿದ್ದೀರಿ. ಜೊತೆಗೆ ನೀವು ಹೇಳಿ ಕಳಿಸಿದ ಮಾತನ್ನೂ ಅವನು ಒಪ್ಪಿಸಿದ, ನಿಮ್ಮ ದನಿಯಲ್ಲೇ: “ಮೊಮ್ಮಗ ಹುವೆನಾಲ್‌ಗೆ ದಡಾರ ಎದ್ದಿದೆ ಅಂತ ಹೇಳು ಸಬೀನಾಗೆ. ಒಳ್ಳೇ ಕೆಂಪಗೆ ಎದ್ದಿದೆ, ಭಯ ಏನಿಲ್ಲ. ಎಲ್ಮೆರ್‌ನ ಕರ್ಕೊಂಡ್ ಬರ್ಲಿ, ಎರಡು ದಿನ ಇವನ ಪಕ್ಕ ಮಲಗ್ಲಿ. ಒಟ್ಟಿಗೇ ಮುಗಿದೋಗುತ್ತೆ. ಆಮೇಲೆ ಕಾರ್ನಿವಲ್ ಹೊತ್ತಿಗೆ ಇಬ್ಬರ ಕೂದಲೂ ಒಂದೇ ಹಬ್ಬದಲ್ಲಿ ತೆಗೆಸೋಣ. ಹಳೇದನ್ನೆಲ್ಲ ಮರೆತುಬಿಡೋಕೆ ಹೇಳು.”

ಹೇಳಿ ಮುಗಿಸಿ ರುಫೀನೊ ನನ್ನ ಮುಖ ನೋಡದೆ ಕೈ ತೊಳೆಯಲು ಹೋದ. ನಾನು ಮಗ ಎಲ್ಮೆರ್‌ನನ್ನು ಬೆನ್ನಿಗೆ ಕಟ್ಟಿಕೊಂಡು ಬೀದಿಗೆ ಬಂದೆ. ಮಳೆ ನಿಂತು ಬೀದಿಯೆಲ್ಲ ಕೆಸರಾಗಿತ್ತು. ಆ ಕೆಸರಿನಲ್ಲೇ ಒಂದು ಸುತ್ತು ಹಾಕಿ ಬಂದೆ, ಇಲ್ಲದಿದ್ದರೆ ಆ ಕತ್ತರಿಯನ್ನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಮರೆಯಬೇಕಂತೆ! ಸರಿ, ಮರೆವಿನ ವಿಷಯವನ್ನೇ ನಿಮಗೆ ಬರೆಯೋಣವೆಂದು ಕೂತಿದ್ದೇನೆ.

ಎದುರಿಗೇ ಬಂದು ಹೇಳಬಹುದಿತ್ತು. ಆದರೆ ನಿಮ್ಮೆದುರು ಮಾತಾಡಿ ಗೆದ್ದವರನ್ನು ನಾನು ಇಲ್ಲಿಯವರೆಗೆ ಕಂಡಿಲ್ಲ. ಸಂತೆಯ ಅಂಗಡಿಗಳನ್ನು ಎತ್ತಿಸಲು ಬಂದ ನಗರಸಭೆಯವರು ನಿಮ್ಮ ಹತ್ತಿರ ಬೈಸಿಕೊಂಡು, ನೀವೇ ಕೊಟ್ಟ ಬೇಯಿಸಿದ ಆಲೂಗಡ್ಡೆ ತಿಂದು, ಕೈ ಮುಗಿಯುವುದೊಂದು ಬಾಕಿ ಎನ್ನುವ ಹಾಗೆ ಹೋಗಿದ್ದನ್ನು ನಾನೇ ನೋಡಿದ್ದೇನೆ. ಕಾಗದದ ನಡುವೆ ನೀವು ಬಾಯಿ ಹಾಕುವಂತಿಲ್ಲ. ಕಣ್ಣು ಮಂಜು ಎಂದು ನೆಪ ತೆಗೆದರೆ ಸೊಸೆ ಯಾನೆತ್ ಕೈಯಲ್ಲಿ ಓದಿಸಿ. ಓದಿಸಲೇಬೇಕು. ಹುವೆನಾಲ್‌ನನ್ನು ಹೆತ್ತವಳು ಅವಳು, ಇದರಲ್ಲಿರುವುದು ಅವಳ ಕಿವಿಗೂ ಬೀಳಬೇಕು.

ನೀವು ನನಗೆ ಮಾಡಿದ ಉಪಕಾರವನ್ನು ಮರೆತಿಲ್ಲ. ಕೆರೆ ದಂಡೆಯ ಊರು ಬಿಟ್ಟು ಈ ಎಲ್ ಆಲ್ತೊ ನಗರಕ್ಕೆ ಬಂದಾಗ ನನ್ನ ಹತ್ತಿರ ಇದ್ದದ್ದು ಒಂದು ಹಂಡೆ, ಒಂದು ಸೌಟು. ನೇರಳೆ ಜೋಳದ ಆಪಿ ಕಾಯಿಸಿ ಬಿಸಿಬಿಸಿಯಾಗಿ ಮಾರೋಣವೆಂದರೆ ಸಂತೆಯಲ್ಲಿ ಕೂರಲು ಒಂದು ಗೇಣು ಜಾಗ ಕೊಡುವವರಿಲ್ಲ. ಎಲ್ಲರೂ ಓಡಿಸಿದರು. ನೀವು ನಿಮ್ಮ ಒಣ ಆಲೂಗಡ್ಡೆಯ ಮೂಟೆಗಳನ್ನು ಕಾಲಲ್ಲೇ ಆಚೆ ತಳ್ಳಿ, “ಇಲ್ಲಿ ಕೂತ್ಕೊಳೇ. ಯಾರಾದ್ರೂ ಕೇಳಿದ್ರೆ ಬಸೀಲಿಯಾ ಕೂರ್ಸಿದ್ಲು ಅನ್ನು, ಬಾಯ್ ಮುಚ್ಕೊಂಡು ಹೋಗ್ತಾರೆ” ಅಂದಿರಿ. ಹಾಗೇ ಆಯಿತು. ಹೆಂಗಸರ ಸಂಘಕ್ಕೆ ನೀವೇ ಮುಖ್ಯಸ್ಥೆ, ನಿಮ್ಮ ಮಾತಿಗೆ ಎರಡು ಮಾತಿಲ್ಲ. ಮಗಳು ದೆಲ್ಮಿರಾ ಹುಟ್ಟಿದ ಮೇಲೆ ಚಳಿ ಬೆಳಗುಗಳಲ್ಲಿ ನಾನು ಎಣ್ಣೆಯ ಮುಂದೆ ಕೂತು ಹಿಟ್ಟು ತಟ್ಟಿ ಬುನ್ಯುವೆಲೊ ಕರಿಯುತ್ತಿದ್ದರೆ ಅವಳು ನಿಮ್ಮ ಶಾಲಿನೊಳಗೆ ಬೆಚ್ಚಗೆ ಇರುತ್ತಿದ್ದಳು. ಅವಳು ಮೊದಲು ಆಡಿದ ಮಾತು ‘ಅಮ್ಮ’ ಅಲ್ಲ, ‘ಬಸಿ’. ನನಗೆ ಹೊಟ್ಟೆಕಿಚ್ಚಾಗಿತ್ತು, ಜೊತೆಗೆ ಹೆಮ್ಮೆಯೂ ಆಗಿತ್ತು. ಇಷ್ಟನ್ನೂ ಯಾಕೆ ಬರೆಯುತ್ತಿದ್ದೇನೆಂದರೆ, ಗೊತ್ತಿಲ್ಲದವರು ಯಾರೋ ಮಾಡಿದ್ದರೆ ನಾನು ಶಾಪ ಹಾಕಿ ಮರೆತುಬಿಡುತ್ತಿದ್ದೆ.

ಅವಳಿಗೆ ಒಂದು ವರ್ಷ ತುಂಬಿದಾಗ ಲಸಿಕೆಯವರು ನೀಲಿ ಪೆಟ್ಟಿಗೆ ಹೊತ್ತು ಸಂತೆಗೇ ಬಂದಿದ್ದರು. ನಾನು ಸೌಟು ಕೆಳಗಿಟ್ಟು ಎದ್ದೇಬಿಟ್ಟಿದ್ದೆ. ನೀವು ನನ್ನ ಲಂಗದ ಅಂಚು ಹಿಡಿದು ಕೂರಿಸಿದಿರಿ. “ಎಲ್ಲಿಗೇ ಹೊರಟೆ? ನಮ್ಮಮ್ಮ ಏಳು ಜನರನ್ನ ಸಾಕಿದ್ಲು. ಏಳಕ್ಕೇಳೂ ದಡಾರ ಗೆದ್ದೋರೇ. ಒಬ್ಬರನ್ನೂ ಅದು ತಗೊಂಡ್ ಹೋಗ್ಲಿಲ್ಲ. ಸೂಜಿ ಚುಚ್ಚಿಸಿಕೊಂಡ ರಕ್ತ ಸೋಮಾರಿ ಆಗುತ್ತೆ ಕಣೇ. ಕಾಯಿಲೆ ಬರ್ಬೇಕು, ಮೈ ಗೆಲ್ಬೇಕು, ಆವಾಗ್ಲೇ ಮಗು ಕಬ್ಬಿಣ ಆಗೋದು” ಎಂದಿರಿ. ಸುತ್ತ ಕೂತಿದ್ದವರೆಲ್ಲ ಹೂಂಗುಟ್ಟಿದರು. ನೀಲಿ ಪೆಟ್ಟಿಗೆಯವರು ಅರ್ಧ ಗಂಟೆ ನಿಂತು, ನನ್ನ ಹತ್ತಿರ ಆಪಿ ಕುಡಿದು, ಪೆಟ್ಟಿಗೆ ಎತ್ತಿಕೊಂಡು ಹೋದರು.

ನಿಮ್ಮ ಊರ ಪದ್ಧತಿ ಗೊತ್ತಿದ್ದದ್ದೇ. ದಡಾರ ಬಂದು ಹೋಗುವವರೆಗೆ ಮಗುವನ್ನು ಮನೆಯ ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ, ಅದರ ಕೂದಲಿಗೆ ಕತ್ತರಿ ತಾಗಿಸುವ ಹಾಗಿಲ್ಲ. ದಡಾರ ದಾಟಿದ ಮೇಲೆ ರುತೂಚಾ ಹಬ್ಬ: ಕೂದಲನ್ನು ಸಣ್ಣ ಸಣ್ಣ ಜಡೆ ಹೆಣೆದು, ರಿಬ್ಬನ್ ಕಟ್ಟಿ, ಬಂದವರೆಲ್ಲ ಒಬ್ಬೊಬ್ಬರಾಗಿ ಒಂದೊಂದು ಜಡೆ ಕತ್ತರಿಸಬೇಕು. ಹಿಂದೆ ಎಲ್ಲ ಕಡೆ ದಡಾರ ಇದ್ದ ಕಾಲಕ್ಕೆ ಅದು ಸರಿಹೋಗುತ್ತಿತ್ತೇನೋ. ಲಸಿಕೆಯಿಂದಾಗಿ ದಡಾರವೇ ಇಲ್ಲದಾಗ ನಿಮ್ಮ ಪದ್ಧತಿ ಸುಮ್ಮನೆ ಕಾದು ಕೂತಿತ್ತು. ದೆಲ್ಮಿರಾಗೆ ನಾಲ್ಕು ತುಂಬಿದರೂ ಕೂದಲು ಸೊಂಟಕ್ಕೆ ಬಡಿಯುತ್ತಿತ್ತು. ಬಾಚುವಾಗ ಅಳುತ್ತಿದ್ದಳು. “ಬಸಿ ಯಾವಾಗಮ್ಮ ಕತ್ತರಿಸೋದು?” ಎಂದು ಕೇಳುತ್ತಿದ್ದಳು.

ಹೋದ ವರ್ಷಕ್ಕೂ ಹಿಂದಿನ ವರ್ಷ, ಚಳಿ ಶುರುವಾಗುವ ಹೊತ್ತಿಗೆ, ದಡಾರ ಮತ್ತೆ ಬಂತು. ಎಲ್ಲರೂ ಬಾಗಿಲು ಹಾಕಿಕೊಂಡರೆ ನೀವು ಬಾಗಿಲು ತಟ್ಟಿಕೊಂಡು ಹೋದಿರಿ. ಲಂಗ ಹೊಲಿಯುವ ಹಿಲಾರಿಯಾಳ ಮಗನಿಗೆ ದದ್ದು ಎದ್ದಿದೆಯೆಂದು ಗೊತ್ತಾದ ಕೂಡಲೇ, ಜೆಲ್ಲಿ ಕೊಡಿಸುತ್ತೇನೆಂದು ನನ್ನ ಮಗಳನ್ನು ಕೈ ಹಿಡಿದು ಕರೆದುಕೊಂಡು ಹೋಗಿ, ಆ ಹುಡುಗನ ಮಂಚದ ಮೇಲೆ ಆಡಲು ಬಿಟ್ಟಿರಿ. ಹುವೆನಾಲ್‌ನನ್ನೂ ಬಿಡುತ್ತಿದ್ದಿರಿ, ಅವನು ಆಗ ಯಾನೆತ್‌ಳ ತವರಿನಲ್ಲಿದ್ದ. ನನಗೆ ಒಂದು ಮಾತು ಹೇಳಲಿಲ್ಲ. ಇವಳ ಕಿವಿಯ ಹಿಂದೆ ದದ್ದು ಎದ್ದ ದಿನ ನಾನು ಅಳುತ್ತಾ ನಿಮ್ಮ ಹತ್ತಿರ ಓಡಿಬಂದರೆ, ಜೂಜಿನಲ್ಲಿ ಗೆದ್ದವರ ಹಾಗೆ ತೊಡೆ ತಟ್ಟಿ ನಕ್ಕಿರಿ. “ಹಿಡೀತಾ? ಹಿಲಾರಿಯಾ ಮನೇಲಿ ಬಿಟ್ಟಿದ್ದೆ ಕಣೇ! ಅಳ್ಬೇಡ ದಡ್ಡಿ, ಇನ್ನೇನು, ನಿನ್ನ ಮಗಳೂ ಲೆಕ್ಕಕ್ಕೆ ಬಂದ್ಲು.”

ಆ ದಿನಗಳಲ್ಲಿ ನೀವು ಪಟ್ಟ ಪಾಡನ್ನು ಅಲ್ಲಗಳೆಯುವುದಿಲ್ಲ. ಕಿಟಕಿಗೆ ಕೆಂಪು ಬಟ್ಟೆ ಕಟ್ಟಿದವರು ನೀವು. ದದ್ದು ಒಳಗೆ ಇಂಗದೆ ಪೂರ್ತಿ ಹೊರಗೆ ಬರಲೆಂದು ಹೂವಿನ ಕಷಾಯ ಮಾಡಿ ಚಮಚದಲ್ಲಿ ಕುಡಿಸಿದವರೂ ನೀವೇ. ಕೆಂಪು ಬೆಳಕಿನಲ್ಲಿ ಅವಳ ಮುಖ ಕೆಂಡದ ಹಾಗೆ ಕಾಣುತ್ತಿತ್ತು. ಕಣ್ಣು ಬಿಡಲಾಗದೆ ನಿಮ್ಮ ಬೆರಳು ಹಿಡಿದುಕೊಂಡು ಮಲಗಿರುತ್ತಿದ್ದಳು. ಅವಳು ಗೆದ್ದಳು. ಜ್ವರ ಬಿಟ್ಟಿತು, ದದ್ದು ಕಂದಿ ಸಿಪ್ಪೆಯಾಗಿ ಉದುರಿತು, ಒಂದು ಬೆಳಿಗ್ಗೆ ಎದ್ದು ಸಾರು ಕೇಳಿದಳು. ನೀವು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂತೆಯ ಉದ್ದಕ್ಕೂ ಮೆರವಣಿಗೆ ಮಾಡಿದಿರಿ. “ನೋಡ್ರೇ, ಕಬ್ಬಿಣ! ಮುಟ್ಟಿ ನೋಡ್ರೇ!” ಎಂದು ಕೂಗಿದಿರಿ. ಅವಳು ನಗುತ್ತಿದ್ದಳು, ನಾನೂ ನಗುತ್ತಿದ್ದೆ.

ಅವತ್ತೇ ನೀವು ಹಬ್ಬದ ದಿನ ಗೊತ್ತು ಮಾಡಿದಿರಿ. ಬ್ಯಾಂಡಿನವರಿಗೆ ಹೇಳಿಯಾಯಿತು, ಬಿಯರ್ ಬಂದು ಬಿತ್ತು, ಇಡೀ ಸಂಘಕ್ಕೆ ಕರೆ ಹೋಯಿತು.

ಆ ವಾರವೇ ನಾನು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಗೆದ್ದ ಮಗುವನ್ನು ಯಾಕೆ ಕರೆದುಕೊಂಡು ಹೋದೆಯೆಂದು ನೀವು ಆಮೇಲೆ ಹಂಗಿಸಿದಿರಿ. ಅವಳು ಆಟದ ನಡುವೆ ಕೂತುಬಿಡುತ್ತಿದ್ದಳು, ಅದಕ್ಕೆ. ಅಲ್ಲಿದ್ದ ಡಾಕ್ಟರಮ್ಮ ಮಾರ್ಲೆನಿ ಎದೆಗೆ ಕೊಳವೆ ಇಟ್ಟು ಕೇಳಿ, ಈಗೇನೂ ಇಲ್ಲ ಎಂದರು. ಆಮೇಲೆ ಕುರ್ಚಿ ನನ್ನ ಹತ್ತಿರಕ್ಕೆ ಎಳೆದುಕೊಂಡು, “ನಿಮ್ಮ ಬೀದೀಲಿ ಕಳ್ಳರಿಗೆ ಎಚ್ಚರಿಕೆ ಅಂತ ದೀಪದ ಕಂಬಕ್ಕೆ ಗೊಂಬೆ ನೇತು ಹಾಕಿದ್ದೀರಲ್ಲ, ಕಳ್ಳ ಬಂದ್ರೆ ಏನ್ ಮಾಡ್ತೀರಿ?” ಎಂದು ಕೇಳಿದರು.

“ಸೀಟಿ ಊದ್ತೀವಿ. ಎಲ್ಲ ಹೊರಗೆ ಬರ್ತಾರೆ” ಎಂದೆ.

“ಯಾರು ಊದ್ತಾರೆ?”

“ಮುಖ ಗುರುತಿರೋರು. ಬೀದಿಯ ಹಳಬರು.”

“ಮೈಯೊಳಗೂ ಅಂಥ ಹಳಬರು ಇರ್ತಾರಮ್ಮ. ಹಿಂದೆ ಬಂದು ಹೋದ ಒಂದೊಂದು ಕೆಮ್ಮು, ಒಂದೊಂದು ಭೇದಿ, ಎಲ್ಲದರ ಮುಖ ನೆನಪಿಟ್ಕೊಂಡಿರ್ತಾರೆ. ದಡಾರದ ವೈರಸ್ ಹುಡುಕ್ಕೊಂಡು ಹೋಗಿ ಹೊಡೆಯೋದು ಅವರನ್ನೇ. ದದ್ದು ಹೋಯ್ತು, ಜ್ವರ ಹೋಯ್ತು, ಸರಿ. ಆದ್ರೆ ಆ ಹಳಬರಲ್ಲಿ ಎಷ್ಟೋ ಜನ ಈಗ ಇಲ್ಲ. ಮನೆ ಹಾಗೇ ನಿಂತಿದೆ, ಬಾಗಿಲು ಹಾಗೇ ಇದೆ, ಸೀಟಿ ಊದೋರಿಲ್ಲ. ದಡಾರದ ಮುಖ ಒಂದು ಚೆನ್ನಾಗಿ ನೆನಪಿರುತ್ತೆ, ಅದು ಮತ್ತೆ ಬರಲ್ಲ. ಮಿಕ್ಕ ಕಳ್ಳರೆಲ್ಲ ಇವಳಿಗೆ ಹೊಸಬರೇ.”

ಎಷ್ಟು ಕಾಲ ಹೀಗೆ ಎಂದು ಕೇಳಿದೆ. ಕೆಲವರಿಗೆ ತಿಂಗಳುಗಳು, ಕೆಲವರಿಗೆ ಎರಡು ಮೂರು ವರ್ಷ, ಒಂದೊಂದನ್ನೂ ಮೈ ಮತ್ತೆ ಮೊದಲಿನಿಂದ ಕಲಿಯಬೇಕು ಎಂದರು. ಚೆನ್ನಾಗಿ ತಿನ್ನಿಸಿ, ಈ ಚಳಿಗಾಲ ಜನರ ಗುಂಪಿಗೆ ಬಿಡಬೇಡಿ, ಕೆಮ್ಮುವವರ ಹತ್ತಿರ ಬೇಡ, ಸ್ವಲ್ಪ ಜ್ವರ ಬಂದರೂ ಕಾಯದೆ ಕರೆದುಕೊಂಡು ಬನ್ನಿ, ಬಿಟ್ಟುಹೋದ ಲಸಿಕೆಗಳನ್ನೂ ಆಮೇಲೆ ಹಾಕೋಣ ಎಂದರು. ನಾನು ಅಲ್ಲಿಂದ ನೇರವಾಗಿ ನಿಮ್ಮ ಹತ್ತಿರ ಬಂದೆ, ನಿಮಗೆ ನೆನಪಿರಲೇಬೇಕು. ನೀವು ಗಿರಾಕಿಗೆ ಒಣ ಆಲೂಗಡ್ಡೆ ತೂಗುತ್ತಿದ್ದಿರಿ. ಕಳ್ಳರ ಕಥೆಯನ್ನು ಡಾಕ್ಟರಮ್ಮ ಹೇಳಿದ ಹಾಗೆಯೇ ಹೇಳಿದೆ. ಹಬ್ಬ ಚಳಿ ಕಳೆದ ಮೇಲೆ ಇಟ್ಟುಕೊಳ್ಳೋಣ, ಕೂದಲು ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಬೇಡಿಕೊಂಡೆ.

ತಕ್ಕಡಿ ಕೆಳಗಿಟ್ಟು ನೀವು ಸುತ್ತಲಿನವರಿಗೆಲ್ಲ ಕೇಳುವ ಹಾಗೆ ಹೇಳಿದಿರಿ: “ಕೇಳಿದ್ರೇನ್ರೇ? ಸಬೀನಾ ಮಗಳ ಹೊಟ್ಟೇಲಿ ಪೊಲೀಸ್ ಠಾಣೆ ಇತ್ತಂತೆ, ಪೊಲೀಸರೆಲ್ಲ ರಜಾ ಹಾಕಿದ್ದಾರಂತೆ!” ಇಡೀ ಸಾಲು ಬಿದ್ದುಬಿದ್ದು ನಕ್ಕಿತು. “ನಿನ್ನೆ ಮೊನ್ನೆ ಕಣ್ ಬಿಟ್ಟ ಹುಡುಗಿ ಹೇಳಿದ್ದನ್ನ ಕೇಳ್ಕೊಂಡು ಬಂದೆಯಲ್ಲೇ. ಎಷ್ಟು ಮಕ್ಕಳ ದಡಾರ ನೋಡಿದ್ದಾಳೆ ಅವಳು? ನಾನು ನೋಡಿದ್ದೀನಿ. ಗೆದ್ದ ಮಗು ಗೆದ್ದಂಗೇ. ಹಬ್ಬ ಮುಂದಕ್ಕೆ ಹಾಕಿದ್ರೆ ಜನ ಏನಂತಾರೆ? ಬಸೀಲಿಯಾ ಹತ್ರ ಬಿಯರಿಗೆ ಗತಿ ಇರ್ಲಿಲ್ಲ ಅಂತಾರೆ.”

ತಾಯಿ ನೀನು, ನೀನೇ ಯಾಕೆ ಬೇಡ ಅನ್ನಲಿಲ್ಲ ಎಂದು ಈಗ ಕೇಳುವವರಿದ್ದಾರೆ. ಅಂದೆನಲ್ಲ! ಹಂಡೆ ಇಡಲು ನೀವು ಕೊಟ್ಟ ಜಾಗದಲ್ಲಿ ಕೂತುಕೊಂಡು ಇನ್ನೆಷ್ಟು ಜೋರಾಗಿ ಅನ್ನಬೇಕಿತ್ತು? ರುಫೀನೊ ಕೂಡ ನಿಮ್ಮ ಕಡೆಯೇ ಸೇರಿದ. “ಕೊಮಾದ್ರೆ ಆಗೋರಿಗೆ ಅವಮಾನ ಮಾಡ್ಬೇಡ ಕಣೇ” ಅಂದ.

ಹಬ್ಬದ ದಿನ ಛಾವಣಿಗಳ ಮೇಲೆಲ್ಲ ಇಬ್ಬನಿ ಹೆಪ್ಪುಗಟ್ಟಿತ್ತು. ಬಾಡಿಗೆ ಸಭಾಂಗಣದ ಕಿಟಕಿಗಳನ್ನು ಚಳಿಗೆ ಮುಚ್ಚಿ, ಒಳಗೆ ಸಂಘದವರೆಲ್ಲ ಒತ್ತೊತ್ತಾಗಿ ನಿಂತಿದ್ದರು. ದೆಲ್ಮಿರಾಗೆ ಬಿಳಿ ಗೌನು ಹಾಕಿಸಿ ಮೇಜಿನ ಮೇಲೆ ಕುರ್ಚಿಯಿಟ್ಟು ಕೂರಿಸಿದ್ದಿರಿ. ತಲೆ ತುಂಬ ಸಣ್ಣ ಜಡೆಗಳು, ಒಂದೊಂದಕ್ಕೂ ಒಂದೊಂದು ಬಣ್ಣ. ಮೊದಲು ನೆಲಕ್ಕೆ ಬಿಯರ್ ಚೆಲ್ಲಿ ಭೂತಾಯಿಗೆ ಕೊಟ್ಟು, ಎಡಗಿವಿಯ ಮೇಲಿನ ಜಡೆಯನ್ನು ನೀವು ಕತ್ತರಿಸಿದಿರಿ. ಅವಳು ಒಂದು ಸಲ ಕಣ್ಣು ಮುಚ್ಚಿದಳು, ಆಮೇಲೆ ನಿಮ್ಮ ಮುಖ ನೋಡಿ ನಕ್ಕಳು. ಮೊದಲ ಜಡೆ ಕೊಮಾದ್ರೆಯ ಪಾಲು. ಅದನ್ನು ಕರವಸ್ತ್ರದಲ್ಲಿ ಸುತ್ತಿ ಎದೆಯೊಳಗೆ ಇಟ್ಟುಕೊಂಡಿರಿ. ನಿಮ್ಮ ನಂತರ ನಿಮ್ಮ ತಮ್ಮ ಸೆಕುಂದಿನೊ. ಅವನು ಬಾಗಿಲಿನಿಂದಲೇ ಕೆಮ್ಮುತ್ತಾ ಬಂದವನು. ಒಂದು ಕೈಯಲ್ಲಿ ಬಾಯಿ ಒರೆಸಿಕೊಂಡು, ಇನ್ನೊಂದು ಕೈಯಲ್ಲಿ ಕತ್ತರಿ ಹಿಡಿದ. ಜಡೆ ಕತ್ತರಿಸಿ, ಪದ್ಧತಿಯ ಪ್ರಕಾರ ಮಗುವಿನ ಎರಡೂ ಕೆನ್ನೆಗೆ ಮುತ್ತು ಕೊಟ್ಟ. ನಾನು ಮುಂದೆ ನುಗ್ಗಿ ಅಡ್ಡ ಕೈ ಹಾಕಿದೆ. ನೀವು ನನ್ನ ಕೈಯನ್ನು ಹಿಡಿದು ಕೆಳಗಿಳಿಸಿದಿರಿ, ನಗುನಗುತ್ತಲೇ. “ಬಿಡೇ, ಅವನೇನು ಕಚ್ತಾನಾ?” ಬ್ಯಾಂಡು ಜೋರಾಯಿತು. ಅವನಾದ ಮೇಲೆ ಇನ್ನೊಬ್ಬರು, ಅವರಾದ ಮೇಲೆ ಮತ್ತೊಬ್ಬರು. ಎಲ್ಲರೂ ಅವಳ ಮೇಲೆ ಬಗ್ಗಿದರು, ಎಲ್ಲರೂ ಮುದ್ದಿಸಿದರು. ಕೊನೆಯ ಜಡೆ ಹೋಗುವ ಹೊತ್ತಿಗೆ ಅವಳ ತಲೆ ಕೊಯ್ದ ಹೊಲದ ಹಾಗಿತ್ತು.

ಅವಳಿಗೆ ಜ್ವರ ಬಂದದ್ದು ಅದೇ ವಾರದ ಕೊನೆಗೆ. ನಾನು ಕಾಯಲಿಲ್ಲ, ಡಾಕ್ಟರಮ್ಮ ಹೇಳಿದ ಹಾಗೆ ಓಡಿದೆ. ಎದೆಯಲ್ಲಿ ನ್ಯುಮೋನಿಯಾ ಹಿಡಿದಿತ್ತು, ಎರಡೂ ಕಡೆ. ದೊಡ್ಡ ಆಸ್ಪತ್ರೆಗೆ ಸಾಗಿಸಿದರು, ಮೂಗಿಗೆ ಆಮ್ಲಜನಕದ ಕೊಳವೆ ಇಟ್ಟರು, ಔಷಧಿ ಬದಲಾಯಿಸಿದರು. ಅವರು ಮಾಡಬೇಕಾದ್ದನ್ನೆಲ್ಲ ಮಾಡಿದರು. ಒಂದು ವರ್ಷದವಳಿದ್ದಾಗ ಇಂಥದೇ ಎದೆಯ ಕೆಮ್ಮು ಬಂದು, ಔಷಧಿಯಿಲ್ಲದೇ ವಾಸಿಯಾಗಿತ್ತಲ್ಲ ಎಂದು, ನೋಡಲು ಬಂದ ಡಾಕ್ಟರಮ್ಮ ಮಾರ್ಲೆನಿಗೆ ಹೇಳಿದೆ. “ಆಗ ಕಲಿತದ್ದು ಇವತ್ತು ಮೈಗೆ ನೆನಪಿದ್ದಿದ್ರೆ ಈ ಪಾಡು ಬರ್ತಿರ್ಲಿಲ್ವೇನೋ ಅಮ್ಮ” ಎಂದರು. ದೆಲ್ಮಿರಾ ನಡುನಡುವೆ ತಲೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು. “ಚಳಿ ಆಗುತ್ತಮ್ಮ, ನನ್ನ ಕೂದಲು ವಾಪಸ್ ಹಾಕು” ಎಂದಳು. ನಾನು ಶಾಲು ಸುತ್ತಿದೆ. ಅವಳು ಕೊನೆಗೆ ಆಡಿದ ಮಾತು ಅದು. ನಿಮ್ಮ ಹೆಸರು ಹೇಳಿ ಸತ್ತಳು ಎಂದು ನೀವು ಸಂತೆಯಲ್ಲಿ ಹೇಳಿಕೊಂಡಿದ್ದೀರಂತೆ. ಇಲ್ಲ, ಹೇಳಲಿಲ್ಲ.

ಮಣ್ಣು ಮಾಡುವಾಗ ಅವಳ ಜಡೆಗಳನ್ನೆಲ್ಲ ಅವಳ ಜೊತೆಗೇ ಇಟ್ಟೆ. ತಲೆಯ ಸುತ್ತ ಅವು ಇದ್ದ ಜಾಗದಲ್ಲೇ ಜೋಡಿಸಿದೆ. ಎಡಗಿವಿಯ ಮೇಲೆ ಮಾತ್ರ ಬರಿದಾಗಿ ಉಳಿಯಿತು. ನೀವು ಅಲ್ಲೇ ನಿಂತಿದ್ದಿರಿ, ಎದೆ ಬಡಿದುಕೊಂಡು ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದಿರಿ. ಆ ಅಳು ಸುಳ್ಳೆಂದು ನಾನು ಹೇಳುವುದಿಲ್ಲ. ಅಳುತ್ತಲೇ ನೀವು ಬಂದವರಿಗೆಲ್ಲ ಒಂದು ಮಾತು ಹೇಳುತ್ತಿದ್ದಿರಿ. “ದಡಾರಾನೇ ಗೆದ್ದ ಮಗು! ದಡಾರ ಏನೂ ಮಾಡ್ಲಿಲ್ಲ. ಯಾವುದೋ ಗಾಳಿ ತಗೊಂಡ್ ಹೋಯ್ತು.”

ಕೊಮಾದ್ರೆ, ನಿಮ್ಮನ್ನು ಕ್ಷಮಿಸಲಾಗದೆ ಇರುವುದು ಹಬ್ಬಕ್ಕಲ್ಲ. ಸೆಕುಂದಿನೊನ ಮುತ್ತಿಗೂ ಅಲ್ಲ. ಈ ಒಂದು ಮಾತಿಗೆ. ಕಾವಲಿನವರನ್ನೆಲ್ಲ ಮುಗಿಸಿ ಬಾಗಿಲು ತೆರೆದಿಟ್ಟು ಹೋದವನನ್ನು ನೀವು ಬಿಟ್ಟುಬಿಟ್ಟಿರಿ, ಆಮೇಲೆ ಒಳಗೆ ಬಂದ ಪುಡಿಗಳ್ಳನನ್ನು ಕಂಬಕ್ಕೆ ಕಟ್ಟಿದಿರಿ. ಅದನ್ನೇ ಇಡೀ ಸಂತೆ ನಂಬಿತು. ದಡಾರ ನಿರಪರಾಧಿ ಎಂದಾಯಿತು. ಅದಕ್ಕೇ ಈಗ ಹುವೆನಾಲ್‌ಗೆ ಬಂದಿದೆ, ಅದಕ್ಕೇ ಅವನ ಪಕ್ಕದಲ್ಲಿ ನನ್ನ ಮಗನನ್ನು ಮಲಗಿಸಲು ಕರೆ ಬಂದಿದೆ.

ನಿಮ್ಮ ತಾಯಿಯ ಏಳು ಮಕ್ಕಳ ಕಥೆಗೆ ಬರುತ್ತೇನೆ. ಅದನ್ನು ಎಷ್ಟು ಸಲ ಹೇಳಿದ್ದೀರಿ! ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ನನ್ನ ಆಪಿ ಕುಡಿಯುತ್ತಾ ಪೂರ್ತಿಯಾಗಿ ಹೇಳುತ್ತಿದ್ದಿರಿ. ಏಳೂ ಜನ ದಡಾರ ಗೆದ್ದರು. ಆಮೇಲೆ? ನೀವೇ ಹೇಳಿದ್ದು: “ಅದರ ಮುಂದಿನ ಚಳೀಲಿ ಪೌಲಿನೊ ಕೆಮ್ಮಿ ಕೆಮ್ಮಿ ಹೋದ. ಅವಳಿಗಳಿಬ್ಬರು ಭೇದಿ ಆಗಿ ಒಂದೇ ತಿಂಗಳಲ್ಲಿ ಹೋದ್ರು. ಪಾಪ, ನಮ್ಮಮ್ಮಂಗೆ ಕೆಟ್ಟ ವರ್ಷ ಅದು.” ಏಳರಲ್ಲಿ ಮೂರು ಹೋದವು, ಕೊಮಾದ್ರೆ. ಒಂದೂ ದಡಾರದ ಲೆಕ್ಕಕ್ಕೆ ಬರಲಿಲ್ಲ. ನಮ್ಮ ಊರಲ್ಲೂ ಹೀಗೇ. ನನಗೆ ದಡಾರ ಬಂದ ವರ್ಷ ನನ್ನ ತಮ್ಮನಿಗೂ ಬಂತು, ಇಬ್ಬರೂ ಗೆದ್ದೆವು, ಆಲೂಗಡ್ಡೆ ಕೀಳುವ ಹೊತ್ತಿಗೆ ಅವನು ಇರಲಿಲ್ಲ. ದಡಾರ ನನ್ನ ಮಕ್ಕಳನ್ನು ಮುಟ್ಟಲಿಲ್ಲ ಎಂದು ನಮ್ಮಮ್ಮ ಸಾಯುವವರೆಗೂ ಹೇಳುತ್ತಿದ್ದಳು. ಆ ತಾಯಂದಿರಿಗೆ ಹೇಳುವವರಿರಲಿಲ್ಲ. ನಿಮಗೆ ನಾನು ಹೇಳಿದ್ದೆ, ಎಲ್ಲರ ಮುಂದೆ, ಬಾಯಿಬಿಟ್ಟು ಹೇಳಿದ್ದೆ.

ಎಲ್ಮೆರ್ ಹಬ್ಬದ ದಿನ ನನ್ನ ಹೊಟ್ಟೆಯಲ್ಲಿದ್ದ. ಅವನಿಗೆ ವರ್ಷ ತುಂಬಿದ ದಿನವೇ ಲಸಿಕೆ ಹಾಕಿಸಿದೆ. ನಿಮ್ಮ ಕಣ್ಣು ತಪ್ಪಿಸಿ ಅಲ್ಲ. ಆ ಹೊತ್ತಿಗೆ ಹಂಡೆಯನ್ನು ನಿಮ್ಮ ಸಾಲಿನಿಂದ ಎತ್ತಿ, ಶಾಲೆಯ ಹಿಂದಿನ ಬೀದಿಗೆ ತಂದುಕೊಂಡಿದ್ದೆ. ಅಲ್ಲಿ ವ್ಯಾಪಾರ ಅಷ್ಟಕ್ಕಷ್ಟೆ. ಇರಲಿ. ಸೂಜಿ ಚುಚ್ಚಿದಾಗ ಎರಡು ಸಲ ಕಿರುಚಿ ಸುಮ್ಮನಾದ. ಮೈಗೆ ದಡಾರದ ಮುಖ ಗೊತ್ತಾಯಿತು, ಹಳಬರೂ ಅವರವರ ಜಾಗದಲ್ಲೇ ಉಳಿದರು. ನನ್ನ ಮಗ ನಿಮ್ಮ ಲೆಕ್ಕಕ್ಕೆ ಬಾರದಿದ್ದರೂ ಪರವಾಗಿಲ್ಲ, ಅವನು ಹುಟ್ಟಿದ ದಿನದಿಂದ ನನ್ನ ಲೆಕ್ಕದಲ್ಲಿದ್ದಾನೆ. ಅವನ ಕೂದಲನ್ನು ನಾನೇ ತೆಗೆಯುತ್ತೇನೆ, ಅಂಗಳದಲ್ಲಿ, ಅಡುಗೆಮನೆಯ ಕತ್ತರಿಯಲ್ಲಿ.

ಇಷ್ಟಕ್ಕೇ ಪತ್ರ ಮುಗಿಸಬೇಕೆಂದಿದ್ದೆ. ಸತ್ಯ ಹೇಳುತ್ತೇನೆ, ಹಾಗೆ ಮುಗಿಸುವ ಆಸೆ ಬಲವಾಗಿತ್ತು. ಕತ್ತರಿ ಹಿಂದಿರುಗಿಸಿ, ಸುಮ್ಮನಿದ್ದುಬಿಟ್ಟರೆ ಸಾಕು. ಕಾರ್ನಿವಲ್‌ಗೆ ನೀವು ಸಭಾಂಗಣ ಹಿಡಿಯುತ್ತೀರಿ, ಬ್ಯಾಂಡು ಕರೆಸುತ್ತೀರಿ, ಹುವೆನಾಲ್‌ನನ್ನು ಮೇಜಿನ ಮೇಲೆ ಕೂರಿಸುತ್ತೀರಿ. ಎಲ್ಲರೂ ಅವನ ಮೇಲೆ ಬಗ್ಗುತ್ತಾರೆ. ಆಮೇಲೆ ನಾನು ನಿಮ್ಮ ಮನೆಗೆ ಬಂದು ಎಲ್ಲರಿಗಿಂತ ಜೋರಾಗಿ ಅಳಬಹುದಿತ್ತು. ಈ ಯೋಚನೆ ನನಗೆ ಬಂತು ಎನ್ನುವುದು ನಿಮಗೆ ಗೊತ್ತಿರಲಿ. ನನ್ನನ್ನು ಇಂಥ ಯೋಚನೆ ಮಾಡುವವಳನ್ನಾಗಿ ಮಾಡಿದ್ದೀರಿ.

ಆದರೆ ಆ ಹುಡುಗ ನನ್ನ ಹತ್ತಿರ ಬಂದರೆ ಬುನ್ಯುವೆಲೊದ ಗರಿಗರಿ ಅಂಚು ಮಾತ್ರ ಮುರಿದು ತಿಂದು, ನಡುವಿನದನ್ನು ದೆಲ್ಮಿರಾಗೆ ಕೊಡುತ್ತಿದ್ದ. ಈಗಲೂ ಒಂದೊಂದು ದಿನ ಶಾಲೆಯ ಹಿಂದಿನ ಬೀದಿಗೆ ಓಡಿಬರುತ್ತಾನೆ, ನಿಮಗೆ ಗೊತ್ತಿಲ್ಲ. ಬಂದು, ಅಂಚು ತಿಂದು, ನಡುವಿನದನ್ನು ಏನು ಮಾಡುವುದೆಂದು ತೋಚದೆ ಕೈಯಲ್ಲೇ ಹಿಡಿದುಕೊಂಡು ನಿಲ್ಲುತ್ತಾನೆ.

ಆದ್ದರಿಂದ ಯಾನೆತ್, ನೀನು ಓದುತ್ತಿದ್ದರೆ ಇಲ್ಲಿಂದ ಮುಂದೆ ಜೋರಾಗಿ ಓದು. ಅತ್ತೆ ಬೇಡ ಎಂದರೂ ಓದು. ಕಿಟಕಿಯ ಕೆಂಪು ಬಟ್ಟೆ ತೆಗೆದು ಗಾಳಿ ಬಿಡು. ಇವತ್ತೇ ಮಗುವನ್ನು ಡಾಕ್ಟರಮ್ಮ ಮಾರ್ಲೆನಿಗೆ ತೋರಿಸು; ದಡಾರ ಎಂದು ಮೊದಲೇ ಹೇಳಿ ಕಳಿಸು, ಬೇರೆ ಮಕ್ಕಳ ನಡುವೆ ಕೂರಿಸುವುದಿಲ್ಲ, ಕಣ್ಣಿಗೂ ಮೈಗೂ ಬೇಕಾದ ವಿಟಮಿನ್ ಕೊಡುತ್ತಾರೆ. ಜ್ವರ ಬಿಡುತ್ತದೆ, ದದ್ದು ಉದುರುತ್ತದೆ, ಅವನು ಎದ್ದು ಸಾರು ಕೇಳುತ್ತಾನೆ. ಹೆದರಬೇಕಾದ್ದು ಆಗ. ಎಲ್ಲರೂ ಗೆದ್ದ ಎನ್ನುತ್ತಾರಲ್ಲ, ಆಗಿನಿಂದ ಅವನನ್ನು ಈಗಷ್ಟೇ ಹುಟ್ಟಿದ ಮಗುವಿನ ಹಾಗೆ ನೋಡಿಕೋ. ಕೆಮ್ಮುವವರು ಎಷ್ಟೇ ಹತ್ತಿರದ ನಂಟರಾಗಲಿ, ಹೊಸ್ತಿಲಾಚೆಯಿಂದಲೇ ಮಾತಾಡಲಿ. ಜ್ವರ ಕಂಡರೆ ಯಾರ ಅಪ್ಪಣೆಗೂ ಕಾಯಬೇಡ. ಇನ್ನೆರಡು ಚಳಿಗಾಲ ಅವನ ಕೂದಲು ಸೊಂಟದವರೆಗೆ ಬೆಳೆದರೂ ಬೆಳೆಯಲಿ. ಶಾಲೆಯಲ್ಲಿ ಹುಡುಗರು ಹುಡುಗಿ ಎಂದು ರೇಗಿಸಿದರೆ ನನ್ನ ಹತ್ತಿರ ಕಳಿಸು, ನಾನು ಜಡೆ ಹೆಣೆದು ಟೋಪಿಯೊಳಗೆ ಸೇರಿಸಿ ಕಳಿಸುತ್ತೇನೆ. ನನಗೆ ಜಡೆ ಹೆಣೆಯುವುದು ಚೆನ್ನಾಗಿ ಬರುತ್ತದೆ.

ಮತ್ತೆ ನಿಮಗೆ, ಕೊಮಾದ್ರೆ. ಕತ್ತರಿಯನ್ನು ಈ ಪತ್ರದ ಜೊತೆ ಕಳಿಸಿದ್ದೇನೆ. ರಿಬ್ಬನ್ ಬಿಚ್ಚಿದ್ದೇನೆ. ನಿಮ್ಮಲ್ಲಿ ನನ್ನದೊಂದು ವಸ್ತುವಿದೆ, ನನ್ನ ಮಗಳ ಎಡಗಿವಿಯ ಮೇಲಿನ ಜಡೆ. ಅದನ್ನು ಈಗಲೇ ಕಳಿಸಬೇಡಿ. ಆ ಕರವಸ್ತ್ರದಿಂದ ಹೊರಗೆ ತೆಗೆದು ಹುವೆನಾಲ್‌ನ ಮಂಚದ ಮೇಲಿನ ಮೊಳೆಗೆ ಕಟ್ಟಿ. ಯಾರಾದರೂ ಬಂದು ಹಬ್ಬ ಯಾವಾಗ ಎಂದು ಕೇಳಿದಾಗಲೆಲ್ಲ ಅದನ್ನು ನೋಡಿ. ನಿಮ್ಮ ಬಾಯಿಗೆ ‘ಗೆದ್ದ ಮಗು’ ಎಂದು ಬಂದಾಗಲೂ ನೋಡಿ. ದಡಾರ ದೆಲ್ಮಿರಾಗೆ ಏನು ಮಾಡಿತೆಂದು ಸಂತೆಯ ಹೆಂಗಸರು ಕೇಳಿದರೆ, ನಿಮ್ಮ ಬಾಯಿಂದಲೇ, ನನ್ನನ್ನು ನೋಡಿ ನಕ್ಕಷ್ಟೇ ಜೋರಾಗಿ ಹೇಳಿ. ಅವರು ನನ್ನ ಮಾತು ಕೇಳುವುದಿಲ್ಲ, ನಿಮ್ಮದು ಕೇಳುತ್ತಾರೆ.

ಎರಡು ಚಳಿಗಾಲ ಕಳೆದು ಆ ಹುಡುಗ ಗಟ್ಟಿಯಾಗಿ ನಿಂತ ಮೇಲೆ ಜಡೆಯನ್ನು ಬಿಚ್ಚಿಕೊಂಡು ನೀವೇ ತನ್ನಿ. ರುಫೀನೊ ಕೈಯಲ್ಲಿ ಕಳಿಸಬೇಡಿ. ಇಬ್ಬರೂ ಹೋಗಿ ಅದನ್ನು ಅವಳಿದ್ದಲ್ಲಿ ಇಟ್ಟು ಬರೋಣ. ಅಲ್ಲಿಯವರೆಗೆ ನಿಮ್ಮ ಮುಖ ನೋಡುವ ಶಕ್ತಿ ನನಗಿಲ್ಲ. ಆ ದಿನ ನೋಡುತ್ತೇನೆ.

ನಿಮ್ಮ ಮೊಮ್ಮಗನ ಮೈಗೆ ಹೋದ ನೆನಪೆಲ್ಲ ಒಂದೊಂದಾಗಿ ಮರಳಿ ಬರಲಿ. ಯಾವ ಕಳ್ಳ ಬಂದರೂ ಸೀಟಿ ಊದುವವರು ಇರಲಿ. ನಿಮಗೆ ಮಾತ್ರ, ಕೊಮಾದ್ರೆ, ಮರೆವು ಬಾರದಿರಲಿ. ಇದಕ್ಕಿಂತ ಒಳ್ಳೆಯ ಹಾರೈಕೆ ನನ್ನಲ್ಲಿಲ್ಲ.

ಬಿಚ್ಚಲು ಬಾರದ ಗಂಟಿನ ಈ ತುದಿಯಿಂದ,
ದೆಲ್ಮಿರಾಳ ತಾಯಿ,
ಸಬೀನಾ ಚೋಕೆ